ಚಾನಲ್ ನೀರು ಬಿಟ್ಟ ಮೇಲೆ ಇಲಿ ಜ್ವರ: ಇಲಿ ಜಾಸ್ತಿ ಆಗೋದ್ರಿಂದಲಾ, ನೀರಿನಿಂದಲಾ?

ಗದ್ದೆಬದು:
ಹರಿಹರ, ಮಲೇಬೆನ್ನೂರು ಕಡೆ ಭದ್ರಾ ಅಚ್ಚುಕಟ್ಟಿನ ಗದ್ದೆಗಳಲ್ಲಿ ಇಲಿ, ಹೆಗ್ಗಣ ವರ್ಷವಿಡೀ ಇರ್ತವೆ. ಸುಗ್ಗಿಯಲ್ಲಿ ಕಣದ ತುಂಬ ಓಡಾಡ್ತವೆ. ಆದ್ರೂ ಇಲಿ ಜ್ವರದ ಭಯ ಕೆಸರು ಗದ್ದೆ ಹೊತ್ತಿಗೇ ಯಾಕೆ? ಗದ್ದೆಗೆ ಬ್ಲೀಚಿಂಗ್ ಪೌಡರ್ ಎರಚಿದ್ರೆ ಆಗುತ್ತಾ? ಬದುವಿನ ಬಿಲಕ್ಕೆ ಪಾಷಾಣ ಯಾವಾಗ ಇಡಬೇಕು?

ಕೆಸರುಗಾಲು:
ಇಲಿ ಎಷ್ಟಿವೆ ಅನ್ನೋದಕ್ಕಿಂತ ಅದರ ಉಚ್ಚೆ ಎಲ್ಲಿ ಬಿತ್ತು ಅನ್ನೋದು ಮುಖ್ಯ. ಈ ಜ್ವರ ತರೋ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಇಲಿಯ ಮೂತ್ರಪಿಂಡದಲ್ಲಿ ಮನೆ ಮಾಡಿರುತ್ತೆ. ಇಲಿಗೆ ಕಾಯಿಲೆ ಇಲ್ಲ, ತಿಂಗಳುಗಟ್ಟಲೆ ಉಚ್ಚೆಯಲ್ಲಿ ಬಿಡ್ತಾ ಇರುತ್ತೆ. ಒಣ ಕಣದ ಮಣ್ಣಿಗೆ ಬಿದ್ದದ್ದು ಬಿಸಿಲಿಗೆ ಒಣಗಿ ಬೇಗ ಸಾಯುತ್ತೆ. ನೆನೆದ ಮಣ್ಣು, ಬೆಚ್ಚಗಿನ ನಿಂತ ನೀರು, ಹುಳಿಯಿಲ್ಲದ ನೆಲ ಸಿಕ್ಕರೆ ವಾರಗಟ್ಟಲೆ ಬದುಕಿರುತ್ತೆ. ಗದ್ದೆಗೆ ನೀರು ಕಟ್ಟಿದಾಗ ಬಿಲಕ್ಕೆ ನೀರು ನುಗ್ಗಿ ಇಲಿಗಳೆಲ್ಲ ಬದುವಿಗೆ, ಹುಲ್ಲಿನ ಬಣವೆಗೆ, ಮನೆಗೆ ಏರ್ತವೆ. ಜನ ಓಡಾಡೋದೂ ಅದೇ ಬದುವಿನ ಮೇಲೆ. ಗಂಟೆಗಟ್ಟಲೆ ಕೆಸರಲ್ಲಿ ನಿಂತು ಮೆತ್ತಗಾದ ಕಾಲು, ಬೆರಳ ಸಂದಿಯ ಕೆಸರು ಹುಣ್ಣು, ಕುಡುಗೋಲಿನ ಗಾಯ, ಇಷ್ಟು ಸಾಕು ಒಳಗೆ ಹೋಗೋಕೆ. ಹಾಗಾಗಿ ಮಳೆಗಾಲ ಒಂದೇ ಅಲ್ಲ, ಬೇಸಿಗೆ ಬೆಳೆಗೆ ನೀರು ಬಿಟ್ಟಾಗಲೂ ಹುಷಾರಾಗಿರಬೇಕು. ದನ, ಹಂದಿ, ನಾಯಿ ಉಚ್ಚೆಯಿಂದಲೂ ಬರುತ್ತೆ, ಹೆಸರು ಮಾತ್ರ ಇಲಿಯದು.

ಗದ್ದೆಗೆ ಬ್ಲೀಚಿಂಗ್ ದಂಡ. ಕೆಸರಿನ ಸಾವಯವ ವಸ್ತುವೇ ಕ್ಲೋರಿನ್ ನುಂಗಿಬಿಡುತ್ತೆ. ಕೈಕಾಲು ತೊಳೆಯೋ ತೊಟ್ಟಿ, ಕುಡಿಯೋ ನೀರಿಗೆ ಅದು ಇರಲಿ. ಗಾಯಕ್ಕೆ ನೀರು ಹೋಗದಂಥ ಪಟ್ಟಿ, ಸಾಧ್ಯವಾದರೆ ಗಂಬೂಟು, ಕೆಲಸ ಮುಗಿದ ಕೂಡಲೇ ಸೋಪು. ನಾಟಿಯಲ್ಲಿ ಗಂಬೂಟು ಹೂತುಹೋಗುತ್ತೆ ಅನ್ನೋದು ನಿಜ, ಬದು ಕಡಿಯೋರಿಗಾದರೂ ಕೊಡಿ.

ನುಚ್ಚುಪೊಟ್ಟಣ:
ಪಾಷಾಣಕ್ಕೆ ಒಳ್ಳೆ ಹೊತ್ತು ಅಂದರೆ ನಾಟಿಗೆ ಮುಂಚೆ, ಅದೂ ಒಂದು ತೂಬಿನ ಕೆಳಗಿನ ರೈತರೆಲ್ಲ ಒಟ್ಟಿಗೆ. ನೀವೊಬ್ಬರೇ ಇಟ್ಟರೆ ಪಕ್ಕದ ಗದ್ದೆಯವು ಬಂದು ಸೇರ್ಕೊಳ್ತವೆ. ತೆನೆ ಬಂದ ಮೇಲೆ ಬಾಯಿಗೆ ಭತ್ತವೇ ಸಿಗುವಾಗ ನಿಮ್ಮ ನುಚ್ಚು ಯಾಕೆ ಮುಟ್ಟುತ್ತೆ?

ಮೊದಲ ದಿನ ಸಂಜೆ ಎಲ್ಲ ಬಿಲ ಮಣ್ಣಿಂದ ಮುಚ್ಚಿ. ಬೆಳಿಗ್ಗೆ ತೆರೆದಿರೋವೇ ಜೀವಂತ ಬಿಲ. ಬಾಯಲ್ಲಿ ಹೊಸ ಪುಡಿಮಣ್ಣಿನ ಗುಡ್ಡೆ ಇದ್ದರೆ ಹೆಗ್ಗಣ. ಅವಕ್ಕೆ ಎರಡು ದಿನ ವಿಷವಿಲ್ಲದ ಎಣ್ಣೆ ನುಚ್ಚು ತಿನ್ನಿಸಿ ರೂಢಿ ಮಾಡಿಸಿ. ಆಮೇಲೆ ಒಂದು ಕಿಲೋಗೆ ನುಚ್ಚು 960 ಗ್ರಾಂ, ಎಣ್ಣೆ 20, ಜಿಂಕ್ ಫಾಸ್ಫೈಡ್ (ಇದೇ ಪಾಷಾಣ) 20. ಕೋಲಿನಿಂದ ಕಲಸಿ, ಬರಿಗೈ ಬೇಡ, ಬಯಲಲ್ಲಿ ಮಾಡಿ. 10 ಗ್ರಾಂ ಪೊಟ್ಟಣ ಕಟ್ಟಿ ಬಿಲದೊಳಗೆ ತಳ್ಳಿ ಮುಚ್ಚಿ. ನೀರು ತಾಗಿದರೆ ವಿಷದ ಗಾಳಿ ಬರುತ್ತೆ, ಇದಕ್ಕೆ ಪ್ರತ್ಯೌಷಧವೂ ಇಲ್ಲ. ರೂಢಿ ಮಾಡಿಸದೆ ಇಟ್ಟರೆ ಅರೆಬರೆ ತಿಂದು ಬದುಕಿದ ಇಲಿ ಮತ್ತೆ ಆ ಕಡೆ ತಲೆ ಹಾಕಲ್ಲ. ಅದಕ್ಕೇ ಎರಡನೇ ಸಲ ಅದೇ ಬೇಡ. ವಾರ ಹತ್ತು ದಿನ ಬಿಟ್ಟು ಮತ್ತೆ ಬಿಲ ಮುಚ್ಚಿ ನೋಡಿ, ತೆರೆದವಕ್ಕೆ 0.005% ಬ್ರೊಮಾಡಿಯೊಲೋನ್ (ಬೇರೆ ಥರದ ಇಲಿ ವಿಷ) ಬಿಲ್ಲೆ. ಸತ್ತ ಇಲಿಯನ್ನ ಕವರಿನ ಕೈಯಿಂದ ಎತ್ತಿ ಆಳಕ್ಕೆ ಹೂಳಿ, ಚಾನಲ್‌ಗೆ ಎಸೀಬೇಡಿ. ಬದು ಒಂದಡಿಗಿಂತ ಅಗಲ ಇದ್ದಷ್ಟೂ ಬಿಲಕ್ಕೆ ಅನುಕೂಲ.

ಗದ್ದೆಬದು:
ಥ್ಯಾಂಕ್ಸ್. ಮುಂಜಾಗ್ರತೆಗೆ ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯೋಟಿಕ್ ಮಾತ್ರೆ ಎಲ್ಲರಿಗೂ ಕೊಡಬಹುದಾ?

ಲ್ಯಾಬ್‌ಕಿಟಕಿ:
ಎಲ್ಲರಿಗೂ ಬೇಡ. ನೆರೆ ಬಂದಾಗ, ಕೇಸು ಕಂಡ ಕಡೆ ವೈದ್ಯರು ವಾರಕ್ಕೊಮ್ಮೆ 200 ಮಿಲಿಗ್ರಾಂ ಬರೆಯೋದುಂಟು. ಬಸುರಿಯರಿಗೂ 8 ವರ್ಷದೊಳಗಿನ ಮಕ್ಕಳಿಗೂ ಅಲ್ಲ. ಮೆಡಿಕಲ್ ಶಾಪಿನಿಂದ ನೀವೇ ತಂದು ಹಂಚಬೇಡಿ. ಕೆಸರಿಗೆ ಇಳಿದ ಮೇಲೆ ಸಾಮಾನ್ಯವಾಗಿ 5ರಿಂದ 14 ದಿನಕ್ಕೆ ಜ್ವರ ಬರುತ್ತೆ. ಮೀನಖಂಡ ಒತ್ತಿದರೆ ವಿಪರೀತ ನೋವು, ಪಿಸುರಿಲ್ಲದೆ ಕಣ್ಣು ಕೆಂಪು. ಕಣ್ಣು, ಮೈ ಹಳದಿ ಆದರೆ, ಉಚ್ಚೆ ಕಮ್ಮಿ ಆದರೆ ಮನೆಯಲ್ಲಿ ಕೂರಬಾರದು. ಜ್ವರದ ಮೊದಲ ಮೂರು ನಾಲ್ಕು ದಿನ ಐಜಿಎಂ (ರಕ್ತದಲ್ಲಿ ರೋಗದ ವಿರುದ್ಧದ ಪ್ರತಿಕಾಯ ನೋಡೋ ಪರೀಕ್ಷೆ) ನೆಗೆಟಿವ್ ಬಂದರೂ ಕಾಯಿಲೆ ಇಲ್ಲ ಅಂತಲ್ಲ. ಆ ಹೊತ್ತಿಗೆ ರಕ್ತದಲ್ಲಿ ರೋಗಾಣುವನ್ನೇ ಹುಡುಕೋ ಪಿಸಿಆರ್ ಪರೀಕ್ಷೆ ಆಗುತ್ತೆ, ಇಲ್ಲದಿದ್ದರೆ ವಾರದ ಹೊತ್ತಿಗೆ ಮತ್ತೆ ಐಜಿಎಂ. ರಿಪೋರ್ಟಿಗಿಂತ ಮುಂಚೆ ‘ಗದ್ದೆ ಕೆಸರಿಗೆ ಇಳಿದಿದ್ದರು’ ಅಂತ ವೈದ್ಯರಿಗೆ ಹೇಳೋದು ಮುಖ್ಯ, ಚಿಕಿತ್ಸೆ ಅದರ ಮೇಲೇ ಶುರುವಾಗಬಹುದು.

ಹಾಗಂತ ಚಳ್ಳಕೆರೆ, ಹೊಳಲ್ಕೆರೆಯ ಒಣಭೂಮಿಯವರು ನಮಗೆ ಇಲಿ ಕಾಟದ ಜ್ವರ ಇಲ್ಲ ಅಂದ್ಕೋಬೇಡಿ. ಮಳೆ ಬಿದ್ದು ಪೊದೆ, ಹುಲ್ಲು ಎದ್ದಾಗ ಇಲಿಗಳ ಮೇಲೆ ಬದುಕೋ ಚಿಗ್ಗರ್ ನುಸಿಯ ಮರಿ ಕಚ್ಚಿ ಸ್ಕ್ರಬ್ ಟೈಫಸ್ ಅನ್ನೋ ಬೇರೆ ಜ್ವರ ಬರಬಹುದು. ಇಲ್ಲಿ ನೀರಿನ ಬದಲು ಪೊದೆಯ ತೇವ. ಕುರಿ ಕಾಯೋರು, ಹುಲ್ಲು ಕೊಯ್ಯೋರ ಕಂಕುಳು, ತೊಡೆಸಂದಿ, ಲಾಡಿ ಕಟ್ಟೋ ಜಾಗದಲ್ಲಿ ಬೀಡಿ ಸುಟ್ಟಂಥ ಕಪ್ಪು ಹಕ್ಕಳೆ ಇದೆಯಾ ನೋಡಿ. ನೋಯೋದಿಲ್ಲ, ತುರಿಸೋದೂ ಅಪರೂಪ. ರೋಗಿ ತಾನಾಗಿ ಹೇಳೋಲ್ಲ, ಬಟ್ಟೆ ಸರಿಸಿ ಹುಡುಕಬೇಕು.