ಅಪ್‌ಡೇಟ್: ಛತ್ರಿಯಂತೆ ಮಡಚುವ ಸ್ಟ್ರೋಲರ್‌ನ ಕೀಲಿನಲ್ಲಿ ಬೆರಳು ಸಿಗದಂತೆ ಮಾಡಿದ್ದು

ಸ್ಟ್ರೋಲರ್‌ನ (ಮಗುವಿನ ತಳ್ಳುಗಾಡಿಯ) ಮಡಚಿದಾಗಿನ ಗಾತ್ರ ಹೆಚ್ಚಿಸದೆ ಪಕ್ಕದ ಕೀಲಿಗೆ ಮಗುವಿನ ಬೆರಳು ಸಿಗದಂತೆ ಮಾಡುವುದು ಹೇಗೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ವಿನ್ಯಾಸ ಈಗ ಒಂದು ರೂಪಕ್ಕೆ ಬಂದಿದೆ.

ಕೀಲಿನ ಸಂದನ್ನು ಪೂರ್ತಿ ತೆರೆದ ಸ್ಥಿತಿಯಲ್ಲಿ ಮಾತ್ರ ಅಳೆದರೆ ಪ್ರಯೋಜನವಿಲ್ಲ. ತೆರೆದಾಗ 14 ಮಿ.ಮೀ. ಇರುವ ಜಾಗ ಅರ್ಧ ಮಡಚುವಷ್ಟರಲ್ಲಿ 6ಕ್ಕೆ ಇಳಿಯುತ್ತದೆ. ಬೆರಳು ಕತ್ತರಿಸುವುದು ಅಲ್ಲೇ. ಹಾಗಾಗಿ ಪ್ರತಿ 10 ಡಿಗ್ರಿಗೊಮ್ಮೆ 5 ಮತ್ತು 12 ಮಿ.ಮೀ. ಸರಳುಗಳನ್ನು ತೂರಿಸಿ ನೋಡಬೇಕು. 5ರದು ಹೋಗಿ 12ರದು ಹೋಗದಿದ್ದರೆ ಆ ಜಾಗ ಅಪಾಯದ್ದು. ಕೀಲಿಗೆ ಈಗ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ನ ಕವಚವಿದೆ, ಚೌಕಟ್ಟಿಗೇ ರಿವೆಟ್ ಆಗಿದೆ. ಬಟ್ಟೆಯ ಹೊದಿಕೆ ಬೇಡವೆಂದೇ ನನ್ನ ಖಚಿತ ಅಭಿಪ್ರಾಯ: ಒಗೆಯಲು ಬಿಚ್ಚಿದವರು ಮತ್ತೆ ಹಾಕುವುದಿಲ್ಲ. (2009ರಲ್ಲಿ ಅಮೆರಿಕದಲ್ಲಿ ಮ್ಯಾಕ್‌ಲಾರೆನ್ ಕಂಪನಿಯ ಸುಮಾರು 10 ಲಕ್ಷ ಸ್ಟ್ರೋಲರ್‌ಗಳನ್ನು ಹಿಂಪಡೆದದ್ದು ಇದೇ ಬೆರಳಿನ ಗಾಯಗಳಿಗಾಗಿ, ಪರಿಹಾರವಾಗಿ ಕೊಟ್ಟದ್ದು ಕೀಲಿನ ಹೊದಿಕೆ.)

ತೆರೆದ ಸ್ಟ್ರೋಲರ್ ತಾನಾಗಿ ಮಡಚಿಕೊಳ್ಳದಂತೆ ಎರಡು ಲಾಕ್‌ಗಳಿವೆ. ಮೊದಲನೆಯದರಲ್ಲಿ ಹಿಂದಿನ ಅಡ್ಡಪಟ್ಟಿಗಳು ನೇರ ಗೆರೆಯನ್ನು ಸುಮಾರು 5 ಡಿಗ್ರಿ ದಾಟಿ ತಡೆಗೆ ಒರಗುತ್ತವೆ. ಮಗುವಿನ ಭಾರ ಲಾಕನ್ನು ಇನ್ನಷ್ಟು ಬಿಗಿ ಮಾಡುತ್ತದೆ. ತಡೆ ಸವೆದರೆ ಈ ಲಾಭ ಹೋಗುತ್ತದೆ, ಆದ್ದರಿಂದ ಅದು ಉಕ್ಕಿನದೇ ಇರಲಿ. ಎರಡನೇ ಲಾಕ್ ಬೇರೆಯೇ, ತೆರೆದೊಡನೆ ಸ್ಪ್ರಿಂಗ್‌ನಿಂದ ತಾನೇ ಬೀಳುವಂಥದು. ಒಂದೇ ಕೈಚಲನೆಗೆ ಎರಡೂ ಬಿಡಬಾರದು.

ಉಳಿದಿರುವ ತೊಂದರೆ ಎರಡೂ ಬದಿಗೆ ಹೋಗಿ ಲಾಕ್ ಬಿಡಿಸುವ ಕೇಬಲ್‌ನದು. ಒಂದು ಬದಿ ಜಗ್ಗಿ ಉದ್ದವಾದರೆ ಇನ್ನೊಂದು ಬದಿ ಮೊದಲು ಬಿಟ್ಟು ಚೌಕಟ್ಟು ತಿರುಚಿಕೊಳ್ಳುತ್ತದೆ. ನಡುವೆ ತೂಗುವ ಸಣ್ಣ ಸಮತೋಲನ ಪಟ್ಟಿ ಹಾಕುತ್ತಿದ್ದೇನೆ.