ಪದಚರ್ಚೆ: ‘ಎಂಜಿನ್ ಕಸಿ’ ಅನ್ನಬಹುದಾ? ಜೊತೆಗೆ ‘ಹುರಿ’ ಬಗ್ಗೆ ಒಂದು ಸಂದೇಹ

ಬಳಗದ ಎಲ್ಲರಿಗೂ ನಮಸ್ಕಾರ,

ನನ್ನ ಹತ್ತಿರ ಒಂದು ಹಳೇ ಸಿಜೆ-3ಬಿ ಜೀಪಿದೆ. ವಾರಕ್ಕೊಮ್ಮೆ ಒರೆಸಿ ನಿಲ್ಲಿಸುವ ಗಾಡಿ ಆಗಬಾರದು, ದಿನಾ ಓಡಬೇಕು ಅಂತ ಒಂದೊಂದೇ ಕೆಲಸ ಮಾಡಿಸುತ್ತಿದ್ದೇನೆ. ಮಾಡಿಸಿದ್ದನ್ನೆಲ್ಲ ಕನ್ನಡದಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಸಿಕ್ಕಿಬಿದ್ದಿರುವುದು ಅಲ್ಲೇ.

ಹಳೇ ಪೆಟ್ರೋಲ್ ಎಂಜಿನ್ ತೆಗೆಸಿ ಬೇರೆ ಗಾಡಿಯ ಡೀಸೆಲ್ ಎಂಜಿನ್ ಹಾಕಿಸಿದೆ. ಈ ಕೆಲಸಕ್ಕೆ ಏನನ್ನೋಣ? ‘ಎಂಜಿನ್ ಬದಲಾವಣೆ’ ಅಂತ ಬರೆದೆ. ಆದರೆ ಕೆಟ್ಟ ಎಂಜಿನ್ ತೆಗೆದು ಅಂಥದ್ದೇ ಇನ್ನೊಂದು ಹಾಕಿದರೂ ಅದು ಬದಲಾವಣೆಯೇ ಅಲ್ವಾ? ‘ಮೇಲ್ದರ್ಜೆಗೇರಿಸಲಾಯಿತು’ ಅಂತ ಬರೆದು ನೋಡಿದೆ. ಜೀಪಿಗೆ ಸುತ್ತೋಲೆ ಅಂಟಿಸಿದ ಹಾಗಾಯಿತು, ಹೊಡೆದುಹಾಕಿದೆ. ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಹಾಕಿದ್ದು, 6 ವೋಲ್ಟಿನ ವೈರಿಂಗ್ 12 ವೋಲ್ಟಿಗೆ ತಂದದ್ದು, ಇವಕ್ಕೆಲ್ಲ ‘ಮಾರ್ಪಾಡು’ ಸಾಕು. ತಕರಾರು ಎಂಜಿನ್ನಿನದು ಮಾತ್ರ.

ಮೆಕ್ಯಾನಿಕ್ಕಿಗೆ ಈ ಚಿಂತೆಯೇ ಇಲ್ಲ. ‘ಎಂಜಿನ್ ಇಳಿಸಿದ್ವಿ, ಬೇರೆದು ಕೂರಿಸಿದ್ವಿ’ ಅಂತಾರೆ. ಗೇರ್ ‘ಬೀಳುತ್ತೆ’, ಬ್ರೇಕ್ ‘ಹಿಡಿಯುತ್ತೆ’, ಎಂಜಿನ್ ‘ಕೂರುತ್ತೆ’. ಇಂಥ ಮಾತಿನ ಮುಂದೆ ನನ್ನ ನೋಟ್‌ಬುಕ್ ಸಪ್ಪೆ. ಆದರೂ ‘ಕೂರಿಸು’ ಅಂದರೆ ಏನೋ ತಂದು ಜಾಗದಲ್ಲಿಟ್ಟಷ್ಟೇ ಅನ್ನಿಸುತ್ತದೆ. ನಡೆದದ್ದು ಹಾಗಲ್ಲ. ಹೊಸ ಎಂಜಿನ್ನಿನ ಬೋಲ್ಟ್ ತೂತುಗಳಿಗೂ ಹಳೇ ಗೇರ್‌ಬಾಕ್ಸಿನ ತೂತುಗಳಿಗೂ ತಾಳೆಯೇ ಇರಲಿಲ್ಲ. ನಡುವೆ ದಪ್ಪ ಪ್ಲೇಟ್ ಕಡೆಸಿ, ಒಂದು ಸುತ್ತು ತೂತು ಎಂಜಿನ್ನಿಗೆ, ಇನ್ನೊಂದು ಸುತ್ತು ಗೇರ್‌ಬಾಕ್ಸಿಗೆ ಅಂತ ಕೊರೆಸಬೇಕಾಯಿತು. ಎರಡರ ನಡುಗೆರೆ ಕೂದಲೆಳೆಯಷ್ಟು ತಪ್ಪಿದರೂ ಕ್ಲಚ್ ಅದುರುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ. ಎರಡನ್ನೂ ಜೋಡಿಸಿ ಬಿಗಿಯುವುದನ್ನು ಬಗ್ಗಿ ನೋಡುತ್ತಿದ್ದಾಗ ಮಾವಿನ ಗಿಡಕ್ಕೆ ಕಸಿ ಕಟ್ಟುವುದು ನೆನಪಾಯಿತು. ಬೇರೆ ಬೇರೆ ಗಿಡದ ಎರಡು ಮೈ ಒಂದು ಕೊಯ್ದ ಜಾಗದಲ್ಲಿ ಸೇರಬೇಕು. ಸೇರದಿದ್ದರೆ ಎರಡೂ ದಂಡ.

ತೋಟದ ಈ ಪದ ಎಂದೋ ಆಸ್ಪತ್ರೆಗೆ ಹೋಗಿ ‘ಮೂತ್ರಪಿಂಡ ಕಸಿ’ ಆಗಿದೆ. ಗ್ಯಾರೇಜಿಗೂ ಯಾಕೆ ಬರಬಾರದು? ಬುಡ ಹಳೆಯದು, ಮೇಲಿನದು ಹೊಸದು ಅನ್ನುವ ಅರ್ಥವೂ ಇಲ್ಲಿ ಸರಿಯಾಗಿ ಕೂರುತ್ತದೆ. 1953ರಲ್ಲಿ ಬಂದ ಈ ಮಾದರಿಗೆ ಬಾನೆಟ್ ಎತ್ತರಿಸಿದ್ದೇ ಆಗಿನ ಎತ್ತರದ ಎಂಜಿನ್ ಹಿಡಿಸಲಿ ಅಂತ. ನನ್ನ ಜೀಪಿನಲ್ಲಿ ಆ ಎಂಜಿನ್ ಹೋಯಿತು, ಎತ್ತರ ಉಳಿಯಿತು.

ಒಂದೇ ಅಪಾಯ. ‘ಎಂಜಿನ್ ಕಸಿ ಮಾಡಿದೆ’ ಸರಿ. ನಡುವಿನ ‘ಮಾಡಿ’ ಬಿಟ್ಟುಹೋದರೆ ‘ಎಂಜಿನ್ ಕಸಿದೆ’! ಆಮೇಲೆ ಪೊಲೀಸರಿಗೆ ಪದಚರ್ಚೆ ವಿವರಿಸಬೇಕು. ಅದಕ್ಕೇ ನನಗೆ ‘ಕಸಿ ಕಟ್ಟು’ ಹೆಚ್ಚು ಇಷ್ಟ. ‘ಕಸಿ ಕಟ್ಟಿದ ಎಂಜಿನ್’ ಅಂದರೆ ಯಾರಿಗೂ ಗೊಂದಲ ಆಗದು. ಏನಂತೀರಿ?

ಎರಡನೇ ಸಂದೇಹ ‘ಹುರಿ’ಯದು, ಇದರ ಬಾಲ ಹಿಡಿದೇ ಬಂದದ್ದು. ಈ ಜೀಪಿನ ಕ್ರೌನ್ ಪಿನಿಯನ್ (ಶಾಫ್ಟಿನ ತಿರುಗನ್ನು ಚಕ್ರಗಳಿಗೆ ದಾಟಿಸುವ ಗೇರ್ ಜೋಡಿ) ಅನುಪಾತ 5.38. ಅಂದರೆ ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ 5.38 ಸುತ್ತು ತಿರುಗಬೇಕು. 80 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ 3,000ಕ್ಕೂ ಜಾಸ್ತಿ ಸುತ್ತು. ಡೀಸೆಲ್ಲಿಗೆ ಅದು ದಿನಾ ಆಗುವ ಮಾತಲ್ಲ, ನನ್ನ ಕಿವಿಗೂ ಅಲ್ಲ. ಅನುಪಾತ ಇಳಿಸಬೇಕಾಯಿತು, ಅದೂ ಹಿಂದೆ ಮುಂದೆ ಎರಡೂ ಕಡೆ. ಒಂದೇ ಕಡೆ ಇಳಿಸಿ ಫೋರ್‌ವೀಲ್ ಹಾಕಿದರೆ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಕೊಟ್ಟರೆ, ಮುಂದಿನ ಚಕ್ರ ಒಂದು ಲೆಕ್ಕ, ಹಿಂದಿನದು ಇನ್ನೊಂದು ಲೆಕ್ಕ ಹೇಳುತ್ತವೆ.

ಎರಡೂ ಸಮ ಇದ್ದರೂ ಒಣ ಟಾರಿನ ಮೇಲೆ ಫೋರ್‌ವೀಲಿನಲ್ಲಿ ತೊಂದರೆ ತಪ್ಪಿದ್ದಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಓಡಬೇಕು. ಹಿಂದಿನ, ಮುಂದಿನ ಶಾಫ್ಟುಗಳು ಮಾತ್ರ ಒಂದೇ ವೇಗಕ್ಕೆ ಕಟ್ಟುಬಿದ್ದಿರುತ್ತವೆ. ಕೆಸರಾದರೆ ಚಕ್ರ ಜಾರಿ ಲೆಕ್ಕ ತೀರುತ್ತದೆ. ಟಾರಿನಲ್ಲಿ ಜಾರುವುದಿಲ್ಲ, ಶಾಫ್ಟುಗಳಲ್ಲಿ ತಿರುಚು ತುಂಬಿಕೊಳ್ಳುತ್ತದೆ. ನಾನೊಮ್ಮೆ ಫೋರ್‌ವೀಲ್ ತೆಗೆಯಲು ಮರೆತು ಹಾಗೇ ಓಡಿಸಿದೆ. ಸ್ಟೀರಿಂಗ್ ಕಲ್ಲಿನಂತಾಯಿತು. ಫೋರ್‌ವೀಲಿನ ಲಿವರ್ ಎಷ್ಟು ಎಳೆದರೂ ಬರಲಿಲ್ಲ. ನಾಲ್ಕು ಮಾರು ರಿವರ್ಸ್ ಹೋದೆ, ‘ಟಕ್’ ಅಂತ ಬಿಟ್ಟುಕೊಂಡಿತು.

ನೋಟ್‌ಬುಕ್ಕಿನಲ್ಲಿ ‘ಹುರಿ ಏರಿತು, ಹಿಂದಕ್ಕೆ ಹೋದಾಗ ಹುರಿ ಬಿಚ್ಚಿತು’ ಅಂತ ಬರೆದಿದ್ದೇನೆ. ಹಗ್ಗದ ಹುರಿಯೇ ತಲೆಯಲ್ಲಿದ್ದದ್ದು. ಆದರೆ ಹಗ್ಗಕ್ಕೆ ಹುರಿ ಕೊಟ್ಟರೆ ಅದು ಗಟ್ಟಿಯಾಗುತ್ತದೆ, ‘ಹುರಿಗೊಳಿಸು’ ಅನ್ನುವುದೂ ಒಳ್ಳೆಯ ಅರ್ಥದಲ್ಲೇ. ಇಲ್ಲಿ ಅದೇ ಹುರಿ ಶಾಫ್ಟ್ ಮುರಿಯಬಹುದು. ಹಗ್ಗ ಹೊಸೆದು ಗೊತ್ತಿರುವವರು ಯಾರಾದರೂ ಇದ್ದರೆ ಹೇಳಿ: ಹುರಿ ಅತಿಯಾಗಿ ಹಗ್ಗ ತನ್ನಷ್ಟಕ್ಕೇ ಸುರುಳಿ ಸುತ್ತಿಕೊಳ್ಳುತ್ತದಲ್ಲ, ಅದಕ್ಕೆ ನಿಮ್ಮ ಕಡೆ ಬೇರೆ ಮಾತಿದೆಯಾ?