ಹಾರ್ಡ್‌ವಿಕ್ ಹಾಲ್: ಗೋಡೆಗಿಂತ ಗಾಜೇ ಹೆಚ್ಚಿದ್ದರೂ ನಿಂತಿರುವುದು ಹೇಗೆ?

ಪ್ರಶ್ನೆ
ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಹಾರ್ಡ್‌ವಿಕ್ ಹಾಲ್ ಎಂಬ ಮಹಲಿನ ಮುಂಭಾಗವನ್ನು ಕಂಡವರಿಗೆ ಎರಡು ಸಂದೇಹಗಳು ಸಹಜ. 1590ರ ದಶಕದಲ್ಲಿ, ಉಕ್ಕಿನ ಚೌಕಟ್ಟುಗಳಿಲ್ಲದ ಕಾಲದಲ್ಲಿ, ಹೊರಗೋಡೆಯ ಬಹುಪಾಲನ್ನು ಕಿಟಕಿಗಳಿಗೇ ಬಿಟ್ಟುಕೊಟ್ಟು ಮೂರು ಅಂತಸ್ತು ಕಟ್ಟಿದ್ದು ಹೇಗೆ? ಮೇಲಕ್ಕೆ ಹೋದಂತೆ ಕಿಟಕಿಗಳು ಕುಗ್ಗದೆ ಇನ್ನೂ ಎತ್ತರವಾಗುತ್ತ ಹೋಗಿರುವುದೇಕೆ?

ಉತ್ತರ 1
ಗುಟ್ಟು ಇರುವುದು ಒಳಗೋಡೆಗಳಲ್ಲಿ. ಅಗ್ಗಿಷ್ಟಿಕೆಗಳನ್ನೂ ಹೊಗೆಗೂಡುಗಳನ್ನೂ ಹೊರಗೋಡೆಗೆ ಅಂಟಿಸದೆ, ಕಟ್ಟಡದ ನಡುವೆ ಹಾದುಹೋಗುವ ದಪ್ಪ ಗೋಡೆಗಳೊಳಗೆ ಅಡಗಿಸಿರುವುದರಿಂದ ಹೊರಮೈಯಲ್ಲಿ ದೊಡ್ಡ ಕಿಟಕಿಗಳಿಗೆ ಅವಕಾಶ ದೊರೆಯಿತು. ಸುತ್ತಲಿನ 6 ಗೋಪುರಗಳು ಕೇವಲ ಅಲಂಕಾರವಲ್ಲ. ಅವುಗಳ ಮೂಲೆಗಳು ಉದ್ದನೆಯ ಗೋಡೆಗೆ ಆಸರೆಯಾಗಿವೆ. ವಿನ್ಯಾಸ ವಾಸ್ತುಶಿಲ್ಪಿ ರಾಬರ್ಟ್ ಸ್ಮಿತ್ಸನ್‌ನದು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಲಾಂಗ್‌ಲೀಟ್ ಮತ್ತು ವುಲಟನ್ ಹಾಲ್ ಎಂಬ ಮಹಲುಗಳನ್ನು ಕಟ್ಟಿ ಪಳಗಿದ ಕೈ ಅದು.

ಉತ್ತರ 2
ಎರಡನೆಯ ಸಂದೇಹಕ್ಕೆ ಉತ್ತರ ಮನೆಯೊಡತಿಯ ಸ್ಥಾನಮಾನದಲ್ಲಿದೆ. ಶ್ರೂಸ್‌ಬರಿಯ ಕೌಂಟೆಸ್ ಆಗಿದ್ದ ಬೆಸ್ ಆಫ್ ಹಾರ್ಡ್‌ವಿಕ್ ನೆಲಮಟ್ಟವನ್ನು ಸೇವಕರಿಗೂ ನಡುವಿನ ಅಂತಸ್ತನ್ನು ತನ್ನ ವಾಸಕ್ಕೂ ಇಟ್ಟುಕೊಂಡು, ಅತಿಥಿಗಳನ್ನು ಬರಮಾಡಿಕೊಳ್ಳುವ ವೈಭವದ ಕೋಣೆಗಳನ್ನು ತುತ್ತತುದಿಯಲ್ಲಿ ಕಟ್ಟಿಸಿದಳು. ಸುಮಾರು 50 ಮೀಟರ್ ಉದ್ದದ ಹಜಾರ, ಲಾಂಗ್ ಗ್ಯಾಲರಿ, ಇರುವುದೂ ಅಲ್ಲಿಯೇ. ಕೋಣೆಯ ಗೌರವ ಏರಿದಂತೆ ಛಾವಣಿ ಏರಿತು, ಕಿಟಕಿಯೂ ಏರಿತು. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಇದು ಸಂಪತ್ತಿನ ಬಹಿರಂಗ ಪ್ರದರ್ಶನವೇ ಸರಿ. ಅಷ್ಟು ಸಾಲದೆಂಬಂತೆ ಗೋಪುರಗಳ ನೆತ್ತಿಯಲ್ಲಿ ತನ್ನ ಹೆಸರಿನ (ಎಲಿಜಬೆತ್ ಶ್ರೂಸ್‌ಬರಿ) ಇ, ಎಸ್ ಅಕ್ಷರಗಳನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದ್ದಾಳೆ. ಸಂಕೋಚ ಆಕೆಯ ಸ್ವಭಾವವಾಗಿರಲಿಲ್ಲ.

ನನ್ನ ಮಟ್ಟಿಗೆ ಗಾಜಿಗಿಂತ ದಿಟ್ಟ ಹೆಜ್ಜೆ ನಡುಮನೆಯ, ಅಂದರೆ ಗ್ರೇಟ್ ಹಾಲ್‌ನ, ದಿಕ್ಕು. ಅಂದಿನ ಇಂಗ್ಲಿಷ್ ಮನೆಗಳಲ್ಲಿ ಗ್ರೇಟ್ ಹಾಲ್ ಮುಂಭಾಗಕ್ಕೆ ಸಮಾನಾಂತರವಾಗಿದ್ದು, ಅದರ ಒಂದು ತುದಿಯಿಂದ ಪ್ರವೇಶವಿರುತ್ತಿತ್ತು. ಇಲ್ಲಿ ಅದನ್ನು ಅಡ್ಡ ತಿರುಗಿಸಿ, ಮುಂಬಾಗಿಲಿನ ನೇರಕ್ಕೆ, ಕಟ್ಟಡವನ್ನು ಸೀಳಿಕೊಂಡು ಹೋಗುವಂತೆ ಇಡಲಾಗಿದೆ. ಹೊರಗಿನ ಸಮಮಿತಿ ಒಳಗಿನ ನಕ್ಷೆಯಲ್ಲೂ ಕಾಣುವುದು ಇದರಿಂದಲೇ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಇಷ್ಟೊಂದು ಬೆಳಕು ಒಳಗಿನ ವಸ್ತುಗಳಿಗೆ ಹಾನಿಯಲ್ಲವೇ? ಇಂದಿನ ಗಾಜನ್ನು ಅಳವಡಿಸಬಾರದೇ?

ಉತ್ತರ 3
ಹಾನಿ ನಿಜ. ಬೆಸ್ 1592ರಲ್ಲಿ ಕೊಂಡ, ಬೈಬಲ್‌ನ ವೀರ ಗಿಡಿಯನ್‌ನ ಕಥೆಯನ್ನು ನೇಯ್ದ 13 ಬೃಹತ್ ಚಿತ್ರಪಟಗಳ ಸಂರಕ್ಷಣೆಗೆ 24 ವರ್ಷ ಹಿಡಿಯಿತು. ಕೆಲಸ ಮುಗಿದದ್ದು 2023ರಲ್ಲಿ. ಆದರೆ ಕಟ್ಟಡ ಸಂರಕ್ಷಿತ ಕಟ್ಟಡಗಳ ಅತ್ಯುನ್ನತ ದರ್ಜೆಯಾದ ಗ್ರೇಡ್ ಒನ್ ಪಟ್ಟಿಯಲ್ಲಿದೆ. ಅದರ ಸ್ವರೂಪಕ್ಕೆ ಧಕ್ಕೆ ತರುವ ಬದಲಾವಣೆಯನ್ನು ಅನುಮತಿಯಿಲ್ಲದೆ ಮಾಡುವುದು ಅಪರಾಧ, ಮತ್ತು ಈ ಮನೆಯ ಸ್ವರೂಪವೆಂದರೆ ಮುಖ್ಯವಾಗಿ ಕಿಟಕಿಗಳೇ. ಆದ್ದರಿಂದ 1959ರಿಂದ ಮನೆಯನ್ನು ನೋಡಿಕೊಳ್ಳುತ್ತಿರುವ ಪರಂಪರೆ ಸಂರಕ್ಷಣಾ ಸಂಸ್ಥೆ ನ್ಯಾಷನಲ್ ಟ್ರಸ್ಟ್ ಪರದೆಗಳನ್ನು ಇಳಿಬಿಟ್ಟು ಬೆಳಕನ್ನು ತಗ್ಗಿಸುತ್ತದೆ.